ಬೂದಿಯೊಳಗಿನ ಕೆಂಡ: ನೇರಳಾತೀತ ಬೆಳಕು ಮತ್ತು ಮಲಗಿದ ವೈರಸ್



ವಿಜ್ಞಾನದ ವಿಷಯವನ್ನು ಕನ್ನಡದಲ್ಲೇ ಮಾತಾಡಬೇಕು, ಹತ್ತು ವಿಷಯ ಮುಟ್ಟುವ ಬದಲು ಒಂದನ್ನೇ ಹಿಡಿದು ಆಳಕ್ಕೆ ಇಳಿಯಬೇಕು ಎಂಬುದು ಈ ದತ್ತಿ ಉಪನ್ಯಾಸದ ಕರಾರು. ಎರಡೂ ನನಗೆ ಇಷ್ಟವಾದ ಕರಾರುಗಳು. ಮೂವತ್ತು ವರ್ಷ ಪದವಿ ತರಗತಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಟ್ಟವನು ನಾನು. ಪ್ರತಿವರ್ಷ ಪಠ್ಯದ ಒಂದು ಪುಟ ಬಂದಾಗ ಮಾತ್ರ ಗಡಿಯಾರ ನೋಡುವುದು ಮರೆತುಹೋಗುತ್ತಿತ್ತು. ಆ ಪುಟವನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚುತ್ತಿದ್ದೇನೆ.

ನಿಮ್ಮಲ್ಲಿ ಅನೇಕರು ಅಡುಗೆಮನೆಯ ಗೋಡೆಗೆ ನೀರು ಶುದ್ಧ ಮಾಡುವ ಯಂತ್ರ ನೇತುಹಾಕಿರುತ್ತೀರಿ. ಅಂಥ ಹಲವು ಯಂತ್ರಗಳ ಒಳಗೆ ಬೆರಳುಗಾತ್ರದ ಒಂದು ಪಾದರಸದ ದೀಪ ಇರುತ್ತದೆ. ಅದು ಸೂಸುವ ಬೆಳಕಿನ ಬಹುಪಾಲು 254 ನ್ಯಾನೊಮೀಟರ್ ಅಲೆಯುದ್ದದ್ದು. ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಅದು. ನೀರು ಆ ದೀಪದ ಪಕ್ಕ ಹಾದುಹೋಗುವ ಕೆಲವೇ ಕ್ಷಣಗಳಲ್ಲಿ ಅದರಲ್ಲಿದ್ದ ಬ್ಯಾಕ್ಟೀರಿಯಾ, ವೈರಸ್‌ಗಳು ಮುಂದೆ ಬೆಳೆಯಲಾರದಂತೆ ಆಗುತ್ತವೆ. ಈ ಬೆಳಕು ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಹೇಳಹೊರಟಿರುವುದು ಅದೇ ಬೆಳಕು, ಸ್ವಲ್ಪವೇ ಸ್ವಲ್ಪ ತಾಗಿದಾಗ, ತಲೆಮಾರುಗಳಿಂದ ಮಲಗಿದ್ದ ವೈರಸ್ಸೊಂದನ್ನು ಹೇಗೆ ಎಬ್ಬಿಸುತ್ತದೆ ಎಂಬುದನ್ನು. ಎಬ್ಬಿಸುವುದು ಬೆಳಕು ಎಂದು ನಾವು ಹೇಳುತ್ತೇವೆ. ಆದರೆ ಬೆಳಕು ಆ ವೈರಸ್ಸಿನ ಜೀನುಗಳ ಬೀಗವನ್ನು ಮುಟ್ಟುವುದೇ ಇಲ್ಲ. ಬೀಗ ಕಳಚುವುದು ಬೇರೆ ದಾರಿಯಿಂದ, ಡಿಎನ್‌ಎ ನಕಲಾಗುವ ಕೆಲಸ ನಿಂತುಹೋದ ಕಡೆಯಿಂದ. ಇದೇ ನನ್ನ ಇವತ್ತಿನ ಮಾತಿನ ತಿರುಳು.

ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1877ರಲ್ಲೇ ತೋರಿಸಿದ್ದರು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಂತು. ಅಮೆರಿಕದ ಫ್ರೆಡರಿಕ್ ಗೇಟ್ಸ್ 1928ರ ಸುಮಾರಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾವ ಅಲೆಯುದ್ದ ಎಷ್ಟು ಕೊಲ್ಲುತ್ತದೆ ಎಂದು ಅಳೆದು ಗೆರೆ ಎಳೆದರು. ಆ ಗೆರೆಯ ಏರಿಳಿತ ನ್ಯೂಕ್ಲಿಯಿಕ್ ಆಮ್ಲದ ಘಟಕಗಳು ಬೆಳಕನ್ನು ಹೀರುವ ಗೆರೆಯ ಏರಿಳಿತವನ್ನೇ ಹೋಲುತ್ತಿತ್ತು. ಜೀವದ ಮರ್ಮ ಪ್ರೋಟೀನಿನಲ್ಲಿದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಜೀನುಗಳು ಡಿಎನ್‌ಎಯಿಂದ ಆದವು ಎಂದು ಏವರಿ ಮತ್ತು ಸಂಗಡಿಗರು ತೋರಿಸುವುದಕ್ಕೆ ಇನ್ನೂ 16 ವರ್ಷ ಬಾಕಿ ಇತ್ತು. ಬೆಳಕು ಬೆರಳು ಮಾಡಿ ತೋರಿಸಿದ ಕಡೆ ಯಾರೂ ತಿರುಗಿ ನೋಡಲಿಲ್ಲ.

ಈಗ ಪ್ಯಾರಿಸ್ಸಿಗೆ ಹೋಗೋಣ. ಬ್ಯಾಕ್ಟೀರಿಯಾಗಳಿಗೂ ವೈರಸ್ ತಗಲುತ್ತದೆ. ಅವಕ್ಕೆ ಫೇಜ್ ಎಂದು ಹೆಸರು. ಬ್ರಿಟನ್ನಿನ ಟ್ವಾರ್ಟ್ 1915ರಲ್ಲಿ, ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಡಿ'ಹೆರೆಲ್ 1917ರಲ್ಲಿ ಇವುಗಳ ಸುದ್ದಿ ತಂದರು. ಫೇಜು ಒಳಗೆ ಹೊಕ್ಕ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಅರ್ಧ, ಒಂದು ಗಂಟೆಯಲ್ಲಿ ಒಡೆದು ಚೂರಾಗುತ್ತದೆ. ನೂರರಷ್ಟು ಮರಿಫೇಜುಗಳು ಹೊರಬೀಳುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ವಿಚಿತ್ರ. ಆರೋಗ್ಯವಾಗಿ ಬೆಳೆಯುತ್ತಿರುತ್ತವೆ, ತಲೆಮಾರಿನ ಮೇಲೆ ತಲೆಮಾರು ಕಳೆಯುತ್ತದೆ, ಆದರೂ ಆ ಬ್ಯಾಕ್ಟೀರಿಯಾ ಕೃಷಿಯಲ್ಲಿ ಅಲ್ಲೊಂದು ಇಲ್ಲೊಂದು ಫೇಜು ಕಾಣಿಸುತ್ತಲೇ ಇರುತ್ತದೆ. ಈ ಗುಣಕ್ಕೆ ಲೈಸೋಜನಿ ಎಂದು ಹೆಸರಿಟ್ಟರು. ಅದು ಬರೀ ಕಲಬೆರಕೆ, ಹೊರಗಿನಿಂದ ಅಂಟಿಕೊಂಡು ಬಂದ ಫೇಜು, ಕೈ ಸರಿಯಾಗಿ ತೊಳೆದುಕೊಳ್ಳದವರ ಭ್ರಮೆ ಎಂದವರೇ ಹೆಚ್ಚು. ಭ್ರಮೆಯಲ್ಲ ಎಂದು ಹಟ ಹಿಡಿದು 1930ರ ದಶಕದಲ್ಲಿ ಕೆಲಸ ಮಾಡಿದವರು ಪಾಸ್ಚರ್ ಸಂಸ್ಥೆಯ ದಂಪತಿ, ಯೂಜೀನ್ ಮತ್ತು ಎಲಿಸಬೆತ್ ವೋಲ್ಮನ್. ಅವರು ಯಹೂದಿಗಳು. 1943ರ ಕೊನೆಯಲ್ಲಿ ನಾಜಿಗಳು ಅವರನ್ನು ಹಿಡಿದು ಔಶ್ವಿಟ್ಸ್‌ಗೆ ಸಾಗಿಸಿದರು. ಇಬ್ಬರೂ ಮರಳಲಿಲ್ಲ. ಅವರ ಮಗ ಎಲಿ ವೋಲ್ಮನ್ ಯುದ್ಧ ಮುಗಿದ ಮೇಲೆ ಅದೇ ಸಂಸ್ಥೆಗೆ ಬಂದು, ತಂದೆತಾಯಿ ಬಿಟ್ಟಲ್ಲಿಂದ ಕೆಲಸ ಮುಂದುವರಿಸಿದ. ಈ ವಿಷಯವನ್ನು ಪಾಠ ಮಾಡುವಾಗ ಈ ಮೂವರ ಹೆಸರು ಹೇಳದೆ ನಾನು ಮುಂದೆ ಹೋದದ್ದಿಲ್ಲ.

ಎಲಿ ಸೇರಿದ್ದು ಆಂಡ್ರೆ ಲ್ವಾಫ್ ಅವರ ಪ್ರಯೋಗಾಲಯವನ್ನು. ಕಟ್ಟಡದ ಅಟ್ಟದ ಮೇಲೆ, ಸೂರಿನ ಕೆಳಗೆ ಇದ್ದ ಜಾಗ ಅದು. ಬೇಸಗೆಯಲ್ಲಿ ಕಾದ ಹೆಂಚು. ಲ್ವಾಫ್ ಲೈಸೋಜನಿಯ ಜಗಳವನ್ನು ಬಗೆಹರಿಸಲು ಹೊರಟಾಗ ಆರಿಸಿಕೊಂಡದ್ದು ವೋಲ್ಮನ್ ದಂಪತಿ ಬಳಸಿದ್ದ ಬ್ಯಾಸಿಲಸ್ ಮೆಗಾಟೀರಿಯಂ ಎಂಬ ದಪ್ಪ ಮೈಯ ಬ್ಯಾಕ್ಟೀರಿಯಾವನ್ನೇ. ಸೂಕ್ಷ್ಮದರ್ಶಕದ ಕೆಳಗೆ, ಒಂದು ಹನಿಯಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇಟ್ಟು ಅದು ಎರಡಾಗುವುದನ್ನು ಕಾಯುವುದು. ಆದ ಕೂಡಲೇ ಒಂದನ್ನು ಎಳೆದು ಹೊರಗಿಟ್ಟು, ಹನಿಯಲ್ಲಿ ಫೇಜು ಇದೆಯೇ ಎಂದು ನೋಡುವುದು. ಮತ್ತೆ ಎರಡಾಗುವುದು, ಮತ್ತೆ ಬೇರ್ಪಡಿಸುವುದು. ಹೀಗೆ 19 ತಲೆಮಾರು. ಹನಿಯಲ್ಲಿ ಫೇಜೇ ಇಲ್ಲ, ಆದರೆ ಸಂತತಿಗೆ ಫೇಜು ಕೊಡುವ ಶಕ್ತಿ ಹಾಗೆಯೇ ಉಳಿದಿದೆ. ಅಂದರೆ ವೈರಸ್ ಹೊರಗಿಲ್ಲ. ಅದು ಬ್ಯಾಕ್ಟೀರಿಯಾದ ಒಳಗೇ, ವಂಶದ ಜೊತೆ ಇಳಿದು ಬರುತ್ತಿದೆ. ಬೂದಿ ಮುಚ್ಚಿದ ಕೆಂಡದ ಹಾಗೆ. ಈ ಮಲಗಿದ ರೂಪಕ್ಕೆ ಅವರು ಪ್ರೊಫೇಜ್ ಎಂದು ಹೆಸರಿಟ್ಟರು.

ಆದರೆ ಹನಿಗಳನ್ನು ಹೀಗೆ ಕಾಯುತ್ತಿದ್ದಾಗ ಆಗೊಮ್ಮೆ ಈಗೊಮ್ಮೆ ಒಂದು ಬ್ಯಾಕ್ಟೀರಿಯಾ ತಾನಾಗಿ ಒಡೆದುಹೋಗುತ್ತಿತ್ತು, ಆಗ ಹನಿ ತುಂಬ ಫೇಜು. ಯಾಕೆ ಇದೊಂದೇ? ಅದನ್ನು ಎಬ್ಬಿಸುವುದು ಏನು? ಲ್ವಾಫ್ ಮತ್ತು ಅವರ ಸಂಗಡಿಗರಾದ ಸಿಮಿನೊವಿಚ್, ಕೆಲ್ಡ್‌ಗಾರ್ಡ್ ಮೂವರೂ ಸೇರಿ ಆಹಾರ ಬದಲಿಸಿ ನೋಡಿದರು, ಆ ರಾಸಾಯನಿಕ ಈ ರಾಸಾಯನಿಕ ಹಾಕಿ ನೋಡಿದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಕೊನೆಗೆ ನೇರಳಾತೀತ ದೀಪದ ಕೆಳಗೆ ಕೆಲವು ಸೆಕೆಂಡು ಹಿಡಿದರು. ಇದರ ಹಿಂದೆ ತರ್ಕ ಏನೂ ಇರಲಿಲ್ಲ ಎಂದು ಲ್ವಾಫ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಬ್ಯಾಕ್ಟೀರಿಯಾವನ್ನೂ ಫೇಜನ್ನೂ ಕೊಲ್ಲುವ ಬೆಳಕು ಫೇಜನ್ನು ಹುಟ್ಟಿಸುತ್ತದೆ ಎಂದು ಯಾರು ತಾನೇ ಊಹಿಸುತ್ತಾರೆ? ಅಟ್ಟದಲ್ಲಿ ಬೆಂಕಿಯಂಥ ಸೆಕೆ. ಲ್ವಾಫ್ ಬೆವರುತ್ತಾ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಕಾಲು ಗಂಟೆಗೊಮ್ಮೆ ಕೃಷಿಯ ಮಬ್ಬನ್ನು ಅಳೆಯುತ್ತಿದ್ದ ಸಹಾಯಕಿ ಬಂದು ವರದಿ ಒಪ್ಪಿಸುತ್ತಿದ್ದರು. ಆ ಪ್ರಯೋಗಾಲಯದಲ್ಲಿ ಅಳೆಯುವವರು ಬ್ಯಾಕ್ಟೀರಿಯಾದೊಂದಿಗೆ ಎಷ್ಟು ಒಂದಾಗಿದ್ದರೆಂದರೆ, ತಾವೇ ಬೆಳೆಯುತ್ತಿರುವಂತೆ ವರದಿ ಹೇಳುವುದು ರೂಢಿಯಾಗಿತ್ತು. ಕಾಲು ಗಂಟೆ: ಸರಿಯಾಗಿ ಬೆಳೆಯುತ್ತಿದ್ದೇನೆ. ಅರ್ಧ ಗಂಟೆ: ಹಾಗೇ ಇದ್ದೇನೆ. ಮುಕ್ಕಾಲು ಗಂಟೆ: ಬದಲಾವಣೆ ಇಲ್ಲ. ಒಂದು ಗಂಟೆಗೆ ಆಕೆ ಮೆಲ್ಲಗೆ ಬಂದು, ತಾನು ಪೂರ್ತಿ ಕರಗಿಹೋಗಿರುವುದಾಗಿ ತಿಳಿಸಿದರು. ಹಾಲಿನಂತೆ ಮಬ್ಬಾಗಿದ್ದ ಕೊಳವೆ ತಿಳಿನೀರಾಗಿತ್ತು. ಹೆಚ್ಚುಕಡಿಮೆ ಪ್ರತಿಯೊಂದು ಬ್ಯಾಕ್ಟೀರಿಯಾವೂ ಒಡೆದು ಫೇಜು ಚೆಲ್ಲಿತ್ತು. 1950ರಲ್ಲಿ ಇದು ಪ್ರಕಟವಾಯಿತು. ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಜೀವಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ಒಂದು ಗಂಟೆ ಇನ್ನೊಂದಿಲ್ಲ.

ಅದೇ ಹೊತ್ತಿಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಸ್ತರ್ ಲೆಡರ್‌ಬರ್ಗ್ ಅವರ ಕಣ್ಣಿಗೆ ಬೇರೊಂದು ಬಿತ್ತು. ಎಲ್ಲ ಪ್ರಯೋಗಾಲಯಗಳಲ್ಲೂ ಬಳಕೆಯಲ್ಲಿದ್ದ ಇ. ಕೊಲೈ ಕೆ-12 ಎಂಬ ಬ್ಯಾಕ್ಟೀರಿಯಾ ತಳಿಗೆ ನೇರಳಾತೀತ ಬೆಳಕು ತಾಗಿಸಿ, ಬದುಕುಳಿದವನ್ನು ಮೂಲ ತಳಿಯ ಜೊತೆ ಬೆರೆಸಿ ಬೆಳೆಸಿದಾಗ, ಕೆಲವು ಕಾಲನಿಗಳು ಹುಳು ಕಚ್ಚಿದ ಎಲೆಯಂತೆ ಕಾಣುತ್ತಿದ್ದವು. ವರ್ಷಗಟ್ಟಲೆ ಎಷ್ಟೋ ಜನ ಕೈಯಲ್ಲಿ ಹಿಡಿದಿದ್ದ ಕೆ-12ರೊಳಗೆ ಒಂದು ಫೇಜು ಮಲಗಿತ್ತು. ಬೆಳಕಿನ ಹೊಡೆತಕ್ಕೆ ಆ ಫೇಜನ್ನು ಕಳೆದುಕೊಂಡ ಕೆಲವು ಬ್ಯಾಕ್ಟೀರಿಯಾಗಳು ಈಗ ಅದಕ್ಕೆ ಬಲಿಯಾಗುತ್ತಿದ್ದವು. ಅದಕ್ಕೆ ಅವರು ಲ್ಯಾಂಬ್ಡಾ ಎಂದು ಹೆಸರಿಟ್ಟರು. ಮುಂದಿನ ಅರ್ಧ ಶತಮಾನದ ಅಣುಜೀವಶಾಸ್ತ್ರ ನಿಂತದ್ದು ಈ ಫೇಜಿನ ಹೆಗಲ ಮೇಲೆ. ಅದನ್ನು ಕಂಡ ಮಹಿಳೆಗೆ ಬದುಕಿದ್ದಾಗ ಸಲ್ಲಬೇಕಾದ ಗೌರವ ಸಲ್ಲಲಿಲ್ಲ ಎಂಬುದನ್ನು ನಾನು ನೇರವಾಗಿಯೇ ಹೇಳಬಯಸುತ್ತೇನೆ.

ಲ್ಯಾಂಬ್ಡಾದ ಡಿಎನ್‌ಎ 48,502 ಅಕ್ಷರಜೋಡಿಗಳಷ್ಟು ಉದ್ದ. ಸ್ಯಾಂಗರ್ ಮತ್ತು ಸಂಗಡಿಗರು 1982ರಲ್ಲಿ ಅದನ್ನು ಪೂರ್ತಿ ಓದಿದರು. ಒಳಹೊಕ್ಕ ಮೇಲೆ ಅದಕ್ಕೆ ಎರಡು ದಾರಿ. ಒಂದು, ಕೂಡಲೇ ನಕಲಾಗಿ, ಮರಿ ಮಾಡಿ, ಮನೆ ಒಡೆದು ಹೊರಹೋಗುವುದು. ಇನ್ನೊಂದು, ಬ್ಯಾಕ್ಟೀರಿಯಾದ ವರ್ಣತಂತುವಿನೊಳಗೆ, ಗ್ಯಾಲ್ ಮತ್ತು ಬಯೋ ಎಂಬ ಜೀನುಗಳ ನಡುವಿನ ಜಾಗದಲ್ಲಿ ಹೊಲಿದುಕೊಂಡು ಮಲಗುವುದು. ಮಲಗಿದರೆ ಅದರ ಜೀನುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೌನ. ಎಚ್ಚರವಿರುವವುಗಳಲ್ಲಿ ಮುಖ್ಯವಾದದ್ದು ಒಂದು. ಆ ಜೀನಿನಿಂದ ಹುಟ್ಟುವ ಪ್ರೋಟೀನಿನ ಹೆಸರು ಸಿ-ಒಂದು. 236 ಅಮೈನೋ ಆಮ್ಲಗಳ ಸರ. ಅದರ ಕೆಲಸವೇ ಉಳಿದ ಜೀನುಗಳ ಬಾಗಿಲಲ್ಲಿ ಕೂತು ಅವನ್ನು ಸುಮ್ಮನಿರಿಸುವುದು. ನಾನು ಇದನ್ನು ತಡೆಗಾರ ಎಂದು ಕರೆಯುತ್ತೇನೆ.

ಇಂಥ ತಡೆಗಾರ ಒಬ್ಬ ಇರಲೇಬೇಕು ಎಂಬ ಸುಳಿವು ಬಂದದ್ದು ಅದೇ ಅಟ್ಟದಲ್ಲಿ. ಫ್ರಾನ್ಸ್ವಾ ಜಾಕೋಬ್ ಯುದ್ಧದಲ್ಲಿ ಗಾಯಗೊಂಡು ಶಸ್ತ್ರವೈದ್ಯನಾಗುವ ಆಸೆ ಬಿಟ್ಟು ಲ್ವಾಫ್ ಬಳಿ ಬಂದವರು. ಅವರೂ ಎಲಿ ವೋಲ್ಮನ್ನರೂ ಸೇರಿ ಲ್ಯಾಂಬ್ಡಾ ಹೊತ್ತ ಗಂಡು ಬ್ಯಾಕ್ಟೀರಿಯಾವನ್ನು ಲ್ಯಾಂಬ್ಡಾ ಇಲ್ಲದ ಹೆಣ್ಣಿನ ಜೊತೆ ಕೂಡಿಸಿದರು. ಗಂಡಿನ ವರ್ಣತಂತು ಹೆಣ್ಣಿನೊಳಕ್ಕೆ ಇಳಿಯುತ್ತಾ ಪ್ರೊಫೇಜು ಇರುವ ಭಾಗ ಒಳಹೊಕ್ಕ ಕೂಡಲೇ ಫೇಜು ಎದ್ದು ಹೆಣ್ಣನ್ನು ಒಡೆದುಹಾಕಿತು. ದೀಪ ಇಲ್ಲ, ಬೆಳಕು ಇಲ್ಲ. ಹೆಣ್ಣಿನಲ್ಲೂ ಲ್ಯಾಂಬ್ಡಾ ಮೊದಲೇ ಇದ್ದರೆ ಮಾತ್ರ ಏನೂ ಆಗಲಿಲ್ಲ. ಅಂದರೆ ಮಲಗಿಸುವ ವಸ್ತು ಡಿಎನ್‌ಎಯಲ್ಲಿಲ್ಲ, ಕೋಶದ ರಸದಲ್ಲಿದೆ. ಆ ರಸ ಇಲ್ಲದ ಮನೆಗೆ ಹೋದರೆ ಫೇಜಿಗೆ ನಿದ್ದೆಯೇ ಇಲ್ಲ. 1958ರ ಜುಲೈಯಲ್ಲಿ ಜಾಕೋಬ್ ಹೆಂಡತಿಯ ಜೊತೆ ಸಿನಿಮಾ ನೋಡುತ್ತಾ ಕೂತಿದ್ದಾಗ, ಫೇಜಿನ ನಿದ್ದೆಗೂ, ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ಸಿಗುವತನಕ ಅದನ್ನು ಕರಗಿಸುವ ಕಿಣ್ವವನ್ನು ತಯಾರಿಸದೆ ಸುಮ್ಮನಿರುವುದಕ್ಕೂ ಇರುವ ಸೂತ್ರ ಒಂದೇ ಎಂದು ಅವರಿಗೆ ಹೊಳೆಯಿತು. ಜೀನುಗಳನ್ನು ನಿಯಂತ್ರಿಸುವ ಜೀನುಗಳಿವೆ ಎಂಬ ಮಾತು ಅಲ್ಲಿಂದ ಹುಟ್ಟಿತು. ಲ್ವಾಫ್, ಜಾಕೋಬ್, ಹಾಲಿನ ಸಕ್ಕರೆಯ ಆ ಕಿಣ್ವದ ಬೆನ್ನು ಹಿಡಿದಿದ್ದ ಅದೇ ಸಂಸ್ಥೆಯ ಮೊನೊ, ಮೂವರಿಗೂ 1965ರ ನೊಬೆಲ್ ಬಂತು. ತಡೆಗಾರ ಬರೀ ಊಹೆಯಲ್ಲ ಎಂದು, ಅದನ್ನು ಕೈಗೆ ಹಿಡಿದು ತೋರಿಸಿದವರು ಹಾರ್ವರ್ಡಿನ ಮಾರ್ಕ್ ಟಾಷ್ನಿ, 1967ರಲ್ಲಿ.

ಈಗ ಬೆಳಕಿನ ಬಳಿಗೆ ಬರೋಣ. ನೇರಳಾತೀತ ಬೆಳಕು ಡಿಎನ್‌ಎಗೆ ಏನು ಮಾಡುತ್ತದೆ? ನೆದರ್‌ಲ್ಯಾಂಡ್ಸಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್ 1960ರಲ್ಲಿ ಉತ್ತರ ಕೊಟ್ಟರು. ಡಿಎನ್‌ಎಯ ಒಂದೇ ಎಳೆಯಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಥೈಮಿನ್‌ಗಳು ಬೆಳಕು ತಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಳೆ ಕಡಿಯುವುದಿಲ್ಲ, ಸುಡುವುದಿಲ್ಲ. ಎರಡು ಅಕ್ಷರ ಅಂಟಿಕೊಳ್ಳುತ್ತವೆ, ಅಷ್ಟೇ.

ಅಷ್ಟೇ ಎಂದೆ. ಮಗ್ಗದ ಮುಂದೆ ಕೂತವರಿಗೆ ಅದು ಎಷ್ಟು ದೊಡ್ಡದೆಂದು ಗೊತ್ತು. ಹಾಸಿನ ಎರಡು ಎಳೆ ಒಂದಕ್ಕೊಂದು ಅಂಟಿಕೊಂಡರೆ ಲಾಳಿ ಅಲ್ಲಿಗೆ ಬಂದು ನಿಲ್ಲುತ್ತದೆ. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವ ಒಂದೊಂದೇ ಅಕ್ಷರವನ್ನು ಓದಿ ಜೊತೆ ಕೂಡಿಸುತ್ತಾ ಓಡುತ್ತಿರುತ್ತದೆ. ಬೆಸೆದ ಥೈಮಿನ್ ಜೋಡಿ ಅದಕ್ಕೆ ಓದಲು ಬಾರದ ಅಕ್ಷರ. ಅಲ್ಲಿ ನಿಲ್ಲುತ್ತದೆ. ಆದರೆ ಎರಡೆಳೆಗಳನ್ನು ಬಿಡಿಸುತ್ತಾ ಮುಂದೆ ಹೋಗುವ ಕಿಣ್ವ ನಿಲ್ಲುವುದಿಲ್ಲ. ಹಾಗಾಗಿ ಜೊತೆಗಾತಿಯಿಲ್ಲದ ಒಂಟಿ ಎಳೆಯ ತುಂಡುಗಳು ಅಲ್ಲಲ್ಲಿ ಬೆತ್ತಲಾಗಿ ಉಳಿಯುತ್ತವೆ. ದಯವಿಟ್ಟು ಈ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಇವತ್ತಿನ ಕಥೆಯ ಕೀಲು ಇಲ್ಲಿದೆ. ಬೆಳಕು ಬೀಳುವ ಹೊತ್ತಿಗೆ ಅಪಾಯದ ಸುದ್ದಿ ಹುಟ್ಟುವುದಿಲ್ಲ. ಗಾಯಗೊಂಡ ಡಿಎನ್‌ಎಯನ್ನು ನಕಲು ಮಾಡಲು ಹೋದಾಗ ಹುಟ್ಟುತ್ತದೆ.

ಆ ಒಂಟಿ ಎಳೆಯ ಮೇಲೆ ರೆಕ್‌ಎ ಎಂಬ ಪ್ರೋಟೀನು ಸಾಲುಸಾಲಾಗಿ ಬಂದು ಸುತ್ತಿಕೊಳ್ಳುತ್ತದೆ. ಇದು ಊರಿನ ಡಂಗುರ. ಡಿಎನ್‌ಎ ಕೆಟ್ಟಿದೆ, ನಕಲು ನಿಂತಿದೆ, ಎಲ್ಲರೂ ಕೆಲಸ ಬಿಟ್ಟು ಬನ್ನಿ ಎಂಬ ಕರೆ. ಮಾಮೂಲಿ ದಿನಗಳಲ್ಲಿ ದುರಸ್ತಿಯ ಜೀನುಗಳಿಗೂ ಒಬ್ಬ ಕಾವಲುಗಾರ ಇರುತ್ತಾನೆ, ಅವನ ಹೆಸರು ಲೆಕ್ಸ್‌ಎ. ಸುಮಾರು 40 ಜೀನುಗಳು ಅವನ ಹಿಡಿತದಲ್ಲಿವೆ. ಡಂಗುರದ ಬಳಿ ಬಂದ ಲೆಕ್ಸ್‌ಎ ನಡುವಿನಲ್ಲಿ ಎರಡು ತುಂಡಾಗುತ್ತಾನೆ. ಕಾವಲು ಹೋಯಿತು, ದುರಸ್ತಿಯ ಜೀನುಗಳೆಲ್ಲ ತೆರೆದವು. ಬೆಸೆದ ಜೋಡಿಗಳನ್ನು ಕತ್ತರಿಸಿ ತೆಗೆಯುವ ಕಿಣ್ವಗಳು ಹೆಚ್ಚುತ್ತವೆ. ದುರಸ್ತಿ ಮುಗಿಯುವ ತನಕ ಕೋಶ ಎರಡಾಗದಂತೆ ತಡೆಯುವ ಪ್ರೋಟೀನೂ ಹುಟ್ಟುತ್ತದೆ. ಈ ಇಡೀ ವ್ಯವಸ್ಥೆಗೆ ಮಿರೊಸ್ಲಾವ್ ರಾಡ್ಮನ್ ಮುಳುಗುವ ಹಡಗಿನ ಕರೆಯ ಹೆಸರನ್ನೇ ಇಟ್ಟರು: ಎಸ್‌ಒಎಸ್.

ಡಂಗುರ ಹೊಡೆದದ್ದು ಊರವರಿಗಾಗಿ. ಆದರೆ ಅಟ್ಟದ ಮೇಲೆ ಅವಿತು ಕೂತವನಿಗೂ ಅದು ಕೇಳಿಸುತ್ತದೆ. ಲ್ಯಾಂಬ್ಡಾದ ತಡೆಗಾರ ಸಿ-ಒಂದು ತನ್ನ ಮೈಕಟ್ಟಿನಲ್ಲಿ ಲೆಕ್ಸ್‌ಎಯನ್ನು ಹೋಲುತ್ತದೆ. ಲೆಕ್ಸ್‌ಎ 84 ಮತ್ತು 85ನೇ ಅಮೈನೋ ಆಮ್ಲಗಳ ನಡುವೆ ತುಂಡಾಗುತ್ತದೆ. ಸಿ-ಒಂದು 111 ಮತ್ತು 112ನೆಯದರ ನಡುವೆ. ಎರಡು ಕಡೆಯೂ ಕತ್ತರಿಸುವುದು ಅದೇ ಜೋಡಿಯನ್ನು, ಅಲನಿನ್ ಮತ್ತು ಗ್ಲೈಸಿನ್. ಬೆಳಕು ತಾಗಿದಾಗ ತಡೆಗಾರ ತುಂಡಾಗುತ್ತದೆ ಎಂದು ಜೆಫ್ರಿ ರಾಬರ್ಟ್ಸ್ ಮತ್ತು ಕ್ರಿಸ್ಟೀನ್ ರಾಬರ್ಟ್ಸ್ 1975ರಲ್ಲಿ ತೋರಿಸಿದರು. ರೆಕ್‌ಎಯೇ ಕತ್ತರಿಸುತ್ತದೆ ಎಂದು ಕೆಲಕಾಲ ಎಲ್ಲರೂ ತಿಳಿದಿದ್ದರು. 1984ರಲ್ಲಿ ಜಾನ್ ಲಿಟಲ್ ಕ್ಷಾರದ ದ್ರಾವಣದಲ್ಲಿ ಈ ಪ್ರೋಟೀನುಗಳನ್ನು ಇಟ್ಟು ನೋಡಿದರೆ, ರೆಕ್‌ಎ ಇಲ್ಲದೆಯೇ ಅವು ತಮ್ಮನ್ನು ತಾವೇ ಕತ್ತರಿಸಿಕೊಂಡವು. ಕತ್ತಿ ರೆಕ್‌ಎ ಕೈಯಲ್ಲಿಲ್ಲ. ಅದು ತಡೆಗಾರನ ಸೊಂಟದಲ್ಲೇ ಇದೆ, ರೆಕ್‌ಎ ಅದನ್ನು ಒರೆಯಿಂದ ತೆಗೆಸುತ್ತದೆ.

ದುರಸ್ತಿಯ ಕಥೆಯೂ ಫೇಜು ಏಳುವ ಕಥೆಯೂ ಒಂದೇ ಇರಬೇಕು ಎಂದು ಎಲ್ಲರಿಗಿಂತ ಮೊದಲು ಕಂಡವರು ಎವ್ಲಿನ್ ವಿಟ್ಕಿನ್. 1944ರಲ್ಲಿ, ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ, ಇನ್ನೂ ಕಲಿಯುತ್ತಿದ್ದ ಅವರು ಇ. ಕೊಲೈಗೆ ನೇರಳಾತೀತ ಬೆಳಕನ್ನು ಅಗತ್ಯಕ್ಕಿಂತ ಹೆಚ್ಚು ಕೊಟ್ಟುಬಿಟ್ಟರು. ತಟ್ಟೆಯಲ್ಲಿ ಬದುಕಿ ಉಳಿದದ್ದು ಬೆರಳೆಣಿಕೆಯಷ್ಟು. ಆ ಉಳಿದವನ್ನೇ ಹಿಡಿದು ಅವರು ಜೀವನವಿಡೀ ಕೆಲಸ ಮಾಡಿದರು. ಬೆಳಕು ತಾಗಿದ ಬ್ಯಾಕ್ಟೀರಿಯಾ ಎರಡಾಗದೆ ಉದ್ದುದ್ದ ದಾರದಂತೆ ಬೆಳೆಯುವುದಕ್ಕೂ, ಮಲಗಿದ ಫೇಜು ಏಳುವುದಕ್ಕೂ ಒಂದೇ ಬಗೆಯ ತಡೆ ಮುರಿಯುವುದು ಕಾರಣ ಇರಬಹುದು ಎಂದು 1967ರಲ್ಲಿ ಬರೆದರು. ಆಗ ಲೆಕ್ಸ್‌ಎ ಏನೆಂದು ಯಾರಿಗೂ ಗೊತ್ತಿರಲಿಲ್ಲ. ವಿಟ್ಕಿನ್ 2015ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಪಡೆದು, 2023ರಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ಬೆಂಗಳೂರಿನ ಕೊಡುಗೆಯನ್ನು ಹೇಳದೆ ಹೋಗಲಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ದಶಕಗಳ ಕಾಲ ರೆಕ್‌ಎಯ ಬೆನ್ನು ಹಿಡಿದವರು. ಕ್ಷಯರೋಗದ ಬ್ಯಾಕ್ಟೀರಿಯಾದ ರೆಕ್‌ಎ ಹೇಗೆ ಮಡಿಚಿಕೊಂಡಿದೆ ಎಂಬುದರ ಸ್ಫಟಿಕ ರಚನೆಯನ್ನು ಅವರ ಗುಂಪೂ ಎಂ. ವಿಜಯನ್ ಅವರ ಗುಂಪೂ ಸೇರಿ 2000ದಲ್ಲಿ ಬಿಡಿಸಿಟ್ಟವು. ಪ್ಯಾರಿಸ್ಸಿನ ಅಟ್ಟದಲ್ಲಿ ಶುರುವಾದ ಪ್ರಶ್ನೆಯ ಒಂದು ಎಳೆ ನಮ್ಮ ಮಲ್ಲೇಶ್ವರದ ಪಕ್ಕಕ್ಕೂ ಬಂದು ಮುಟ್ಟಿದೆ.

ಇನ್ನೊಂದು ಸೂಕ್ಷ್ಮ ಇದೆ. ಡಂಗುರ ಕೇಳಿದ ಕೂಡಲೇ ಲೆಕ್ಸ್‌ಎ ನಿಮಿಷಗಳಲ್ಲಿ ತುಂಡಾಗುತ್ತದೆ. ಸಿ-ಒಂದು ತುಂಡಾಗುವುದು ಅದಕ್ಕಿಂತ ತುಂಬ ನಿಧಾನ. ಅಂದರೆ ಮೊದಲು ದುರಸ್ತಿ. ಗಾಯ ಚಿಕ್ಕದಾಗಿದ್ದರೆ ಬೇಗ ವಾಸಿಯಾಗುತ್ತದೆ, ಡಂಗುರ ನಿಲ್ಲುತ್ತದೆ, ಫೇಜು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತದೆ. ಗಾಯ ದೊಡ್ಡದು, ಡಂಗುರ ನಿಲ್ಲುತ್ತಲೇ ಇಲ್ಲ ಎಂದಾಗ ತಡೆಗಾರ ಕರಗುತ್ತಾ ಹೋಗುತ್ತದೆ. ಅದು ಜೋಡಿಜೋಡಿಯಾಗಿ, ಪರಸ್ಪರ ಕೈಹಿಡಿದು ಡಿಎನ್‌ಎಯ ಮೇಲೆ ಕೂರುವ ಪ್ರೋಟೀನು. ಹಾಗಾಗಿ ಸ್ವಲ್ಪ ಕಡಿಮೆಯಾದರೆ ಏನೂ ಆಗುವುದಿಲ್ಲ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಇಡೀ ಕಾವಲು ಒಟ್ಟಿಗೇ ಕುಸಿಯುತ್ತದೆ. ಆಗ ಕ್ರೋ ಎಂಬ ಇನ್ನೊಂದು ಪ್ರೋಟೀನು ಹುಟ್ಟಿ, ತಡೆಗಾರ ಮತ್ತೆ ತಯಾರಾಗದಂತೆ ಅದರ ಬಾಗಿಲನ್ನೇ ಮುಚ್ಚುತ್ತದೆ. ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಫೇಜು ಲೆಕ್ಕ ಹಾಕುತ್ತದೆ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಮನಸ್ಸಿಲ್ಲ. ಕೋಟ್ಯಂತರ ತಲೆಮಾರುಗಳ ಆಯ್ಕೆ ಈ ನಿಧಾನವನ್ನು ಅದರ ಮೈಯಲ್ಲಿ ಕೆತ್ತಿದೆ. ಮುಳುಗುವ ಹಡಗನ್ನು ಮಾತ್ರ ಬಿಟ್ಟು ಹೋದ ಫೇಜುಗಳು ಉಳಿದವು.

ಇದು ಸರಿಯೇ ಎಂದು ಒರೆಗೆ ಹಚ್ಚುವುದು ಸುಲಭ. ರೆಕ್‌ಎ ಇಲ್ಲದ ಬ್ಯಾಕ್ಟೀರಿಯಾದಲ್ಲಿ ಲ್ಯಾಂಬ್ಡಾ ಇದ್ದರೆ ಬೆಳಕು ಎಷ್ಟು ಕೊಟ್ಟರೂ ಅದು ಏಳುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಒಳಗಿನ ಫೇಜೂ ಅದರ ಜೊತೆ ಹೋಗುತ್ತದೆ. ತುಂಡಾಗದ ತಡೆಗಾರ ಇರುವ ಲ್ಯಾಂಬ್ಡಾ ರೂಪಾಂತರಿಗಳೂ ಇವೆ, ಅವಕ್ಕೂ ಇದೇ ಗತಿ. ಪಿ-2 ಎಂಬ ಇನ್ನೊಂದು ಫೇಜಿನ ತಡೆಗಾರ ರೆಕ್‌ಎಯ ಕರೆಗೆ ಓಗೊಡುವುದೇ ಇಲ್ಲ, ಅದನ್ನು ನೇರಳಾತೀತ ಬೆಳಕು ಎಬ್ಬಿಸಲಾರದು. ಮಲಗುವ ಫೇಜುಗಳೆಲ್ಲ ಒಂದೇ ಕಿವಿಯವಲ್ಲ.

ಎದ್ದ ಫೇಜಿನ ಮುಂದಿನ ಕೆಲಸ ನಕಲು. ವರ್ಣತಂತುವಿನಿಂದ ತನ್ನನ್ನು ಕತ್ತರಿಸಿಕೊಂಡು ಬಳೆಯಂತೆ ವೃತ್ತವಾಗುತ್ತದೆ. ತನ್ನ ಓ ಮತ್ತು ಪಿ ಪ್ರೋಟೀನುಗಳನ್ನು ಕಳಿಸಿ ಬ್ಯಾಕ್ಟೀರಿಯಾದ ನಕಲು ಯಂತ್ರವನ್ನೇ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಮೊದಲು ಬಳೆಯಿಂದ ಬಳೆ, ಆಮೇಲೆ ರಾಟೆಯಿಂದ ನೂಲು ಎಳೆದಂತೆ ಉದ್ದಕ್ಕೆ. ಆ ನೂಲನ್ನು ಅಳೆದು ಕತ್ತರಿಸಿ ತಲೆಗಳೊಳಗೆ ತುಂಬುತ್ತದೆ. ಸುಮಾರು ಒಂದು ಗಂಟೆಗೆ ಕೋಶ ಒಡೆಯುತ್ತದೆ. ಲ್ವಾಫ್ ಸೆಕೆಯಲ್ಲಿ ಕಾದದ್ದೂ ಇಂಥದೇ ಗಂಟೆ.

ಆದರೆ ಪಾಲಿಮರೇಸ್ ನಿಂತುಹೋಗುತ್ತದೆ ಎಂದ ಮೇಲೆ, ಬೆಳಕಿನಿಂದ ಗಾಯಗೊಂಡ ಫೇಜಿನ ಡಿಎನ್‌ಎ ನಕಲಾಗುವುದು ಹೇಗೆ? ಸ್ವಿಟ್ಜರ್‌ಲ್ಯಾಂಡಿನಿಂದ ಅಮೆರಿಕಕ್ಕೆ ಹೋದ ಭೌತವಿಜ್ಞಾನಿ ಜಾನ್ ವೈಗ್ಲಿ 1953ರಲ್ಲಿ ಒಂದು ಸಂಗತಿ ಕಂಡರು. ಬೆಳಕಿಗೆ ಒಡ್ಡಿದ ಲ್ಯಾಂಬ್ಡಾಗಳನ್ನು ಆರೋಗ್ಯವಂತ ಬ್ಯಾಕ್ಟೀರಿಯಾದೊಳಗೆ ಬಿಟ್ಟರೆ ಕೆಲವೇ ಬದುಕುತ್ತವೆ. ಮೊದಲೇ ತುಸು ಬೆಳಕು ತಿಂದ ಬ್ಯಾಕ್ಟೀರಿಯಾದೊಳಗೆ ಬಿಟ್ಟರೆ ಹೆಚ್ಚು ಬದುಕುತ್ತವೆ, ಆದರೆ ಅವುಗಳಲ್ಲಿ ರೂಪಾಂತರಿಗಳೂ ಹೆಚ್ಚು. ಡಂಗುರ ಕೇಳಿ ಎದ್ದ ದುರಸ್ತಿಯವರಲ್ಲಿ ಕೊನೆಗೆ ಬರುವುದು ಒಂದು ವಿಶೇಷ ಪಾಲಿಮರೇಸ್. ಅದು ಬೆಸೆದ ಜೋಡಿಯ ಎದುರೂ ಏನಾದರೊಂದು ಅಕ್ಷರ ಬರೆದು ದಾಟಿಬಿಡುತ್ತದೆ. ಬರೆದದ್ದು ತಪ್ಪಾಗಿರಬಹುದು. ನಿಂತು ಸಾಯುವುದಕ್ಕಿಂತ ತಪ್ಪು ಬರೆದು ಬದುಕುವುದು ಎಂಬ ದಾರಿ. ಬ್ಯಾಕ್ಟೀರಿಯಾಗಳು ಔಷಧಗಳಿಗೆ ಮಣಿಯದಂತೆ ಬದಲಾಗುವುದರ ಹಿಂದೆ ಈ ತಪ್ಪು ಬರೆಯುವ ಕೈಯ ಪಾಲೂ ಇದೆ.

ಬೆಳಕಿನ ಗಾಯಕ್ಕೆ ಬೆಳಕೇ ಮದ್ದು ಎಂಬ ಮಾತನ್ನೂ ಸೇರಿಸುತ್ತೇನೆ. 1949ರಲ್ಲಿ ಕೆಲ್ನರ್ ಮತ್ತು ಡಲ್ಬೆಕೊ ಬೇರೆಬೇರೆಯಾಗಿ ಕಂಡದ್ದು ಇದು. ನೇರಳಾತೀತ ತಾಗಿದ ಮೇಲೆ ಮಾಮೂಲು ಬೆಳಕಿನಲ್ಲಿ ಇಟ್ಟರೆ ಸತ್ತವೆಂದುಕೊಂಡವು ಮತ್ತೆ ಬೆಳೆಯುತ್ತವೆ. ನೀಲಿ ಬೆಳಕಿನ ಬಲದಿಂದ ಬೆಸೆದ ಜೋಡಿಯನ್ನು ಬಿಡಿಸುವ ಕಿಣ್ವ ಬ್ಯಾಕ್ಟೀರಿಯಾದಲ್ಲಿದೆ. ಜೋಡಿ ಬಿಟ್ಟುಕೊಂಡರೆ ಫೇಜೂ ಏಳುವುದಿಲ್ಲ. ನಮ್ಮ ಮೈಯಲ್ಲಿ ಆ ಕಿಣ್ವ ಇಲ್ಲ. ನಾವು ಕತ್ತರಿಸಿ ಹೊಲಿಯುವ ದುರಸ್ತಿಯನ್ನೇ ನಂಬಿದವರು.

ಬ್ಯಾಕ್ಟೀರಿಯಾದ ವೈರಸ್ಸಿನ ಕಥೆ ನಮಗೇಕೆ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಜರ್ಮನಿಯಲ್ಲಿ 2011ರಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿತೆಂದು ಗುರುತಿಸಲಾದ ಇ. ಕೊಲೈ ಸೋಂಕಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಆ ಬ್ಯಾಕ್ಟೀರಿಯಾ ಸೂಸುವ, ಮೂತ್ರಪಿಂಡ ಕೆಡಿಸುವ ವಿಷದ ಹೆಸರು ಶಿಗಾ ಟಾಕ್ಸಿನ್. ಅದರ ಜೀನು ಬ್ಯಾಕ್ಟೀರಿಯಾದ್ದಲ್ಲ, ಅದರೊಳಗೆ ಮಲಗಿದ, ಲ್ಯಾಂಬ್ಡಾದ ದಾಯಾದಿ ಫೇಜಿನದು. ಫೇಜು ಮಲಗಿರುವಷ್ಟು ಹೊತ್ತು ವಿಷ ಕಡಿಮೆ. ಎದ್ದರೆ ವಿಷವೂ ತಯಾರು, ಕೋಶ ಒಡೆದು ಅದು ಹೊರಬೀಳುವುದೂ ಆಗಲೇ. ಕೆಲವು ಆಂಟಿಬಯೋಟಿಕ್‌ಗಳು, ಮುಖ್ಯವಾಗಿ ಸಿಪ್ರೊಫ್ಲಾಕ್ಸಸಿನ್‌ನಂಥವು, ಡಿಎನ್‌ಎ ನಕಲನ್ನು ತಡೆಯುವುದರಿಂದ ನೇರಳಾತೀತ ಬೆಳಕು ಮಾಡಿದ ಕೆಲಸವನ್ನೇ ಮಾಡಿ ಆ ಫೇಜನ್ನು ಎಬ್ಬಿಸಬಲ್ಲವು. ಈ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಆಂಟಿಬಯೋಟಿಕ್ ಕೊಡದೆ ಹಿಂಜರಿಯುವುದಕ್ಕೆ ಇದು ಕಾರಣ. ರಕ್ತಭೇದಿಯಾದಾಗ ಔಷಧದಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವ ನಮ್ಮ ರೂಢಿಯನ್ನು ಈ ಬೆಳಕಿನಲ್ಲಿ ನೋಡಿ. ಕಾಲರಾದ ವಿಷವನ್ನು ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ತೋರಿಸಿಕೊಟ್ಟರು. ಆ ವಿಷದ ಜೀನೂ ಒಂದು ಫೇಜಿನದೇ ಎಂದು 1996ರಲ್ಲಿ ಗೊತ್ತಾಯಿತು. ಆ ಫೇಜು ಇನ್ನೂ ಜಾಣ, ಮನೆಯೊಡೆಯನ ಕಾವಲುಗಾರ ಲೆಕ್ಸ್‌ಎಯನ್ನೇ ತನ್ನ ಕಾವಲಿಗೂ ಬಳಸಿಕೊಂಡಿದೆ.

ಇದೇ ಸೂತ್ರವನ್ನು ಒಳ್ಳೆಯದಕ್ಕೂ ಬಳಸಿದ್ದಾರೆ. ಫ್ರಾನ್ಸಿನ ರೇಮಂಡ್ ಡೆವೊರೆ ಮತ್ತು ಸಂಗಡಿಗರು 1970ರ ದಶಕದಲ್ಲಿ, ಯಾವ ವಸ್ತು ಲ್ಯಾಂಬ್ಡಾವನ್ನು ಎಬ್ಬಿಸುತ್ತದೋ ಅದು ಡಿಎನ್‌ಎ ಕೆಡಿಸುವ ವಸ್ತು ಎಂಬ ಪರೀಕ್ಷೆ ಕಟ್ಟಿದರು. ಬೂಷ್ಟು ಹಿಡಿದ ಶೇಂಗಾದಲ್ಲಿ ಇರುವ ಅಫ್ಲಟಾಕ್ಸಿನ್, ಯಕೃತ್ತಿನಲ್ಲಿ ಮಾರ್ಪಟ್ಟ ಮೇಲೆ, ಆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತು. ಶೇಂಗಾ ಬೆಳೆಯುವ ನಾಡಿನವರು ನಾವು, ಅದನ್ನು ಒಣಗಿಸಿಡುವುದು ಯಾಕೆ ಮುಖ್ಯ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರೆ.

ಮನುಷ್ಯರ ವೈರಸ್‌ಗಳ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ಬಿಸಿಲಲ್ಲಿ ಹೆಚ್ಚು ಹೊತ್ತು ನಿಂತರೆ ಕೆಲವರಿಗೆ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದೆ. ಮುಖದ ನರಗಂಟಿನಲ್ಲಿ ಮಲಗಿದ್ದ ಹರ್ಪಿಸ್ ಸಿಂಪ್ಲೆಕ್ಸ್ ಎದ್ದು ನರದ ದಾರಿಯಲ್ಲಿ ಇಳಿದು ಬಂದದ್ದು ಅದು. ಓಜೋನ್ ಪದರ 254ರ ಬೆಳಕನ್ನು ನಮ್ಮ ತನಕ ಬಿಡುವುದಿಲ್ಲ. ನೆಲ ಮುಟ್ಟುವ, 315ಕ್ಕಿಂತ ಕೆಳಗಿನ ಅಲೆಯುದ್ದದ ತುಣುಕು ಇದಕ್ಕೆ ಸಾಕು. ಎಚ್‌ಐವಿಯ ಜೀನುಗಳ ಸ್ವಿಚ್ಚೂ ಡಿಎನ್‌ಎ ಗಾಯಕ್ಕೆ ಚುರುಕಾಗುತ್ತದೆ ಎಂದು 1988ರಲ್ಲಿ ಪ್ರಯೋಗಾಲಯದ ಕೋಶಗಳಲ್ಲಿ ಕಂಡುಬಂತು. ಆದರೆ ಅಲ್ಲಿ ಲೆಕ್ಸ್‌ಎಯೂ ಇಲ್ಲ, ತುಂಡಾಗುವ ಸಿ-ಒಂದೂ ಇಲ್ಲ. ಅವುಗಳ ದಾರಿ ಬೇರೆ. ಲ್ಯಾಂಬ್ಡಾದ ಕಥೆಯನ್ನು ಹಾಗೇ ಎತ್ತಿ ಅಲ್ಲಿಗೆ ಅಂಟಿಸಿದರೆ ತಪ್ಪಾಗುತ್ತದೆ. ಮನೆಯೊಡೆಯನ ಸಂಕಟವನ್ನು ಮಲಗಿದ ವೈರಸ್ ಕೇಳಿಸಿಕೊಳ್ಳುತ್ತದೆ ಎಂಬಷ್ಟೇ ಎರಡಕ್ಕೂ ಸಮಾನ.

ಕೊನೆಯದಾಗಿ, ಇಲ್ಲಿರುವ ಅಧ್ಯಾಪಕರಲ್ಲಿ ಒಂದು ಕೋರಿಕೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನೇರಳಾತೀತ ದೀಪ ಇದೆ. ರಾತ್ರಿ ಕೋಣೆ ಶುಚಿ ಮಾಡಲು ಹೊತ್ತಿಸಿ, ಬೆಳಗ್ಗೆ ಆರಿಸುತ್ತೀರಿ. ರೋಗ ತರದ ಕೆ-12 ತಳಿ, ಲ್ಯಾಂಬ್ಡಾ ಹೊತ್ತದ್ದು, ಒಂದು ಕೊಳವೆ ತರಿಸಿ. ಬೆಳೆದ ಬ್ಯಾಕ್ಟೀರಿಯಾವನ್ನು ಉಪ್ಪುನೀರಿನಲ್ಲಿ ಕಲಸಿ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮುಚ್ಚಳ ತೆಗೆದು, ಕೆಲವು ಸೆಕೆಂಡು ದೀಪದ ಕೆಳಗಿಡಿ. ಮಕ್ಕಳಿಗೆ ಕನ್ನಡಕ, ಕೈಗವಸು ತಪ್ಪದೆ ಹಾಕಿಸಿ. ತಾಜಾ ಆಹಾರದ್ರವಕ್ಕೆ ಹಾಕಿ, ಕೊಳವೆಗೆ ಕಪ್ಪು ಕಾಗದ ಸುತ್ತಿ, 37 ಡಿಗ್ರಿಯಲ್ಲಿ ಅಲುಗಿಸುತ್ತಾ ಇಡಿ. ಪಕ್ಕದಲ್ಲಿ ಬೆಳಕು ತಾಗದ ಇನ್ನೊಂದು ಕೊಳವೆ ಇರಲಿ. ಕಾಲು ಗಂಟೆಗೊಮ್ಮೆ ಮಬ್ಬನ್ನು ಅಳೆದು ಬರೆಯುವ ಕೆಲಸವನ್ನು ವಿದ್ಯಾರ್ಥಿಗಳಿಗೇ ಬಿಡಿ. ಬೆಳಗ್ಗೆ 10ಕ್ಕೆ ಶುರು ಮಾಡಿದರೆ ಊಟದ ಗಂಟೆ ಹೊಡೆಯುವ ಹೊತ್ತಿಗೆ ಒಂದು ಕೊಳವೆ ಹಾಲಿನಂತೆ, ಇನ್ನೊಂದು ತಿಳಿಯಾಗಿ ನಿಂತಿರುತ್ತದೆ. ಮುಂದಿನ ವರ್ಷದ ಪ್ರಯೋಗಗಳ ಪಟ್ಟಿಯಲ್ಲಿ ಇದಕ್ಕೊಂದು ಜಾಗ ಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.